ಕಡಲಿಗೆ ಕಟ್ಟಿದ ಬೆಲೆ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ಕಡಲಿಗೆ ಬಾಗಿಲಿಲ್ಲ, ಆದುದರಿಂದ ಅದನ್ನು ನೋಡುವುದಕ್ಕೆ ಟಿಕೀಟೂ ಇಲ್ಲ ಎಂಬುದು ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರ ಸಹಜವಾದ ನಂಬಿಕೆ. ಮೃಗಾಲಯದಲ್ಲಿ ಹಣ ಕೇಳಬಹುದು, ದೇವಸ್ಥಾನದ ವಿಶೇಷ ದರ್ಶನಕ್ಕೂ ಕೇಳಬಹುದು. ಸಮುದ್ರಕ್ಕೆ ಬೇಲಿ ಹಾಕುವವರು ಯಾರು? ಆದರೆ ಜಗತ್ತಿನ ಅನೇಕ ದ್ವೀಪಗಳಲ್ಲಿ ಇಂದು ಈ ನಂಬಿಕೆ ಸುಳ್ಳಾಗಿದೆ. ಅಲ್ಲಿ ಕಡಲಿಗೆ ಬಾಗಿಲನ್ನು ಇಟ್ಟಿದ್ದಾರೆ. ಬಾಗಿಲಲ್ಲಿ ಸುಂಕದವನನ್ನೂ ಕೂರಿಸಿದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಆದರೂ ಆ ಸುಂಕ ಏಕೆ ಬಂತು, ಅದು ಯಾರನ್ನು ಒಳಗೆ ಬಿಟ್ಟು ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬುದನ್ನು ಕೇಳುವ ಹಕ್ಕು ನಮಗೆ ಇದ್ದೇ ಇದೆ.

ಪೆಸಿಫಿಕ್ ಮಹಾಸಾಗರದ ಪಶ್ಚಿಮ ಭಾಗದಲ್ಲಿ, ಫಿಲಿಪೈನ್ಸ್‌ನಿಂದ ಪೂರ್ವಕ್ಕೆ, ಪಲಾವ್ ಎಂಬ ಒಂದು ಪುಟ್ಟ ದೇಶವಿದೆ. ಅದರ ಜನಸಂಖ್ಯೆ ಸುಮಾರು 18,000. ನಮ್ಮಲ್ಲಿ ಇದನ್ನು ಒಂದು ಪುರಸಭೆಯ ಊರೆನ್ನಬಹುದು, ಅಷ್ಟೆ. ಸ್ಪೇನ್, ಜರ್ಮನಿ, ಜಪಾನ್, ಅಮೆರಿಕಗಳು ಒಂದಾದ ಮೇಲೊಂದರಂತೆ ಅದನ್ನು ಆಳಿದುವು. 1994ರ ಅಕ್ಟೋಬರ್ 1ರಂದು ಅದು ಸ್ವತಂತ್ರವಾಯಿತು. ನೆಲ ಅಲ್ಪ, ಕಡಲು ಅಪಾರ. ಆ ಕಡಲಿನಲ್ಲಿ ಅಣಬೆಗಳಂತೆ ತಲೆಯೆತ್ತಿ ನಿಂತ 445 ಸುಣ್ಣಕಲ್ಲಿನ ನಡುಗಡ್ಡೆಗಳ ಸಮೂಹವನ್ನು ಯುನೆಸ್ಕೋ ಸಂಸ್ಥೆಯು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನಡಿಗೆ ಇಳಿಯುವ ಸ್ಕೂಬಾ ಡೈವಿಂಗ್ ಎಂಬ ವಿದ್ಯೆಯನ್ನು ಬಲ್ಲವರಿಗೆ ಪಲಾವ್ ಒಂದು ಯಾತ್ರಾಸ್ಥಳ. ಅಲ್ಲಿಯ ‘ಬ್ಲೂ ಕಾರ್ನರ್’ ಎಂಬಲ್ಲಿ ಹವಳದ ದಿಬ್ಬದ ಅಂಚಿಗೆ ನೀರಿನ ಸೆಳೆತ ಬಂದು ಬಡಿಯುತ್ತದೆ. ಮುಳುಗಿದವರು ಒಂದು ಕೊಕ್ಕೆಯನ್ನು ಸತ್ತ ಕಲ್ಲಿಗೆ ಸಿಕ್ಕಿಸಿ, ಅದರ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು, ಗಾಳಿಪಟದ ಹಾಗೆ ಸೆಳೆತದಲ್ಲಿ ತೂಗಾಡುತ್ತ ಎದುರಿಗೆ ಸುಳಿದಾಡುವ ಶಾರ್ಕ್ ಮೀನುಗಳನ್ನು ನೋಡುತ್ತಾರಂತೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನರು ಗೊಬ್ಬರದ ಫಾಸ್ಫೇಟನ್ನು ಹಡಗಿನಲ್ಲಿ ಸಾಗಿಸುವುದಕ್ಕಾಗಿ ಹವಳದ ದಿಬ್ಬವನ್ನು ಕಡಿದು ಒಂದು ಕಾಲುವೆ ಮಾಡಿದ್ದರು. ಈಗ ಆ ಕಾಲುವೆಯಲ್ಲಿ ಮಾಂಟಾ ಎಂಬ ಬೃಹತ್ ತೊರಕೆ ಮೀನುಗಳನ್ನು ನೋಡುವುದಕ್ಕೆಂದೇ ಜನ ಸಾವಿರಾರು ಮೈಲಿ ಹಾರಿ ಬರುತ್ತಾರೆ.

ಇನ್ನು ಸುಂಕದ ವಿಚಾರ. 2018ರ ಜನವರಿಯಿಂದ ಪಲಾವಿಗೆ ಬರುವ ಪ್ರತಿಯೊಬ್ಬ ವಿದೇಶೀ ಪ್ರವಾಸಿಯ ವಿಮಾನದ ಟಿಕೀಟಿನಲ್ಲಿಯೇ 100 ಅಮೆರಿಕನ್ ಡಾಲರುಗಳ ಪರಿಸರ ಶುಲ್ಕವನ್ನು ಸೇರಿಸಲಾಯಿತು. ಈಗಿನ ಲೆಕ್ಕದಲ್ಲಿ ಅದು ಎಂಟೂವರೆ ಸಾವಿರ ರೂಪಾಯಿಗೂ ಮಿಕ್ಕುತ್ತದೆ. ನಮ್ಮ ಕಾಲೇಜಿನಲ್ಲಿ ಒಂದು ವರ್ಷಕ್ಕೆ ಕಟ್ಟುವ ಶುಲ್ಕಕ್ಕಿಂತ ಹೆಚ್ಚು. ಇದಲ್ಲದೆ ಆ ಸುಣ್ಣಕಲ್ಲಿನ ನಡುಗಡ್ಡೆಗಳ ನಡುವೆ ಸುತ್ತಾಡುವುದಕ್ಕೆ ಕೊರೊರ್ ಎಂಬ ರಾಜ್ಯದವರು 50 ಡಾಲರಿನ ರಹದಾರಿ ಕೇಳುತ್ತಾರೆ. ಅಲ್ಲಿಯ ಪ್ರಸಿದ್ಧವಾದ ಜೆಲ್ಲಿಫಿಶ್ ಸರೋವರವನ್ನೂ ನೋಡಬೇಕೆಂದರೆ ರಹದಾರಿಯ ಬೆಲೆ 100 ಡಾಲರು. ಅಂದರೆ ಒಂದು ತುತ್ತು ಉಣ್ಣುವ ಮೊದಲು, ಒಂದು ರಾತ್ರಿ ಮಲಗುವ ಮೊದಲು, 200 ಡಾಲರು ಕೈಬಿಟ್ಟಿರುತ್ತದೆ. ದೋಣಿಯ ಬಾಡಿಗೆ, ಸಿಲಿಂಡರಿನ ಬಾಡಿಗೆ, ಜೊತೆಗೆ ಇಳಿಯುವ ಮಾರ್ಗದರ್ಶಿಯ ಸಂಬಳ, ಹೊಟೇಲು, ಎಲ್ಲವೂ ಬೇರೆ. ಪಲಾವಿನ ಪ್ರಜೆಗಳಿಗೆ ಮಾತ್ರ ಪರಿಸರ ಶುಲ್ಕವಿಲ್ಲ. ಇನ್ನೊಂದು ಸ್ವಾರಸ್ಯವೆಂದರೆ, 2017ರ ಕೊನೆಯಿಂದ ಪ್ರವಾಸಿಯ ಪಾಸ್‌ಪೋರ್ಟಿನ ಮೇಲೆಯೇ ಒಂದು ಪ್ರತಿಜ್ಞೆಯನ್ನು ಮುದ್ರೆಯೊತ್ತಿ, ಪ್ರಕೃತಿಯನ್ನು ಕೆಡಿಸುವುದಿಲ್ಲವೆಂದು ಆ ದೇಶದ ಮಕ್ಕಳಿಗೆ ಮಾತು ಕೊಡುವಂತೆ ಸಹಿ ಹಾಕಿಸುತ್ತಾರೆ.

ಇಷ್ಟೆಲ್ಲ ಏಕೆಂದು ಕೇಳಿದರೆ ಪಲಾವಿನವರು ಎರಡು ಲೆಕ್ಕಗಳನ್ನು ಮುಂದಿಡಬಲ್ಲರು.

ಮೊದಲನೆಯದು ಜನರ ಲೆಕ್ಕ. 2015ರ ಒಂದೇ ವರ್ಷದಲ್ಲಿ ಆ ಹದಿನೆಂಟು ಸಾವಿರ ಜನರ ದೇಶಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ನುಗ್ಗಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಚೀನಾದಿಂದ ಅಗ್ಗದ ತಂಡಪ್ರವಾಸಗಳಲ್ಲಿ ಬಂದವರು. ಮದುವೆಯ ಮನೆಗೆ ಕರೆದವರ ಎಂಟು ಪಾಲು ಜನ ಬಂದರೆ ಅಡಿಗೆಯವನ ಗತಿ ಏನಾಗುವುದೋ ಪಲಾವಿನ ಗತಿಯೂ ಅದೇ ಆಯಿತು. ನೀರು, ಚರಂಡಿ, ದೋಣಿಗಟ್ಟೆ, ಹವಳ, ಯಾವುದೂ ಇಷ್ಟು ಮಂದಿಗಾಗಿ ಸಿದ್ಧವಾಗಿರಲಿಲ್ಲ. ಆಗಿನ ಅಧ್ಯಕ್ಷ ಟಾಮಿ ರೆಮೆಂಗೆಸಾವ್ ಅವರ ಸರಕಾರವು ಚೀನಾದಿಂದ ಬರುವ ಬಾಡಿಗೆ ವಿಮಾನಗಳನ್ನು ಅರ್ಧಕ್ಕೆ ಇಳಿಸಿತು; ಕಡಿಮೆ ಜನ ಬಂದು ಹೆಚ್ಚು ವೆಚ್ಚ ಮಾಡಲಿ ಎಂಬುದೇ ನೀತಿಯಾಯಿತು.

ಎರಡನೆಯದು ಶಾರ್ಕಿನ ಲೆಕ್ಕ. ಇದು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಪಲಾವ್ 2009ರಲ್ಲಿ ತನ್ನ ಕಡಲನ್ನೆಲ್ಲ ಶಾರ್ಕುಗಳಿಗೆ ಅಭಯಾರಣ್ಯವೆಂದು ಸಾರಿತು. ಅನಂತರ ಆಸ್ಟ್ರೇಲಿಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿ ಹಿಡಿದು ಕೊಂದ ಒಂದು ಶಾರ್ಕಿನಿಂದ ಬರುವುದು 108 ಡಾಲರು. ಅದೇ ಶಾರ್ಕು ಬದುಕಿ ಈಜಾಡುತ್ತಿದ್ದರೆ, ಅದನ್ನು ನೋಡುವುದಕ್ಕೆ ಬರುವವರಿಂದ ಅದರ ಆಯುಷ್ಯದಲ್ಲಿ ಬರುವುದು ಸುಮಾರು 19 ಲಕ್ಷ ಡಾಲರು. ನಮ್ಮ ತಂದೆಯವರು ಮೀನುಗಾರಿಕೆಯ ದೋಣಿಯಲ್ಲಿ ದುಡಿಯುವವರು. ಈ ಲೆಕ್ಕವನ್ನು ಅವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹತ್ತೊಂಬತ್ತು ಲಕ್ಷ ಯಾರ ಕಿಸೆಗೆ ಹೋಗ್ತದೆ ಮಗಾ?” ಎಂದು ಕೇಳಿದರು. ಅರ್ಥಶಾಸ್ತ್ರದ ಪಠ್ಯಪುಸ್ತಕದಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಕಂಡಿಲ್ಲ.

ಏಕೆಂದರೆ ದುಬಾರಿ ಬೆಲೆ ತೆತ್ತು ಬರುವ ಪ್ರವಾಸಿಯು ನಿಜವಾಗಿ ಕೊಳ್ಳುವುದು ಏನನ್ನು? ಮೀನನ್ನಲ್ಲ. ಮತ್ತೊಬ್ಬನು ಆ ಮೀನನ್ನು ಹಿಡಿಯದೆ ಬಿಟ್ಟಿರುವುದನ್ನು ಕೊಳ್ಳುತ್ತಾನೆ. ಬ್ಲೂ ಕಾರ್ನರಿನಲ್ಲಿ ಶಾರ್ಕುಗಳು ಇಂದಿಗೂ ಇವೆಯೆಂದರೆ ಯಾರೋ ಬಲೆ ಬೀಸುವುದನ್ನು ನಿಲ್ಲಿಸಿದ್ದಾರೆಂದೇ ಅರ್ಥ. ಪಲಾವಿನಲ್ಲಿ ಇದು ಹೊಸತೇನಲ್ಲ. ಮೀನು ಕಡಿಮೆಯಾದಾಗ ಊರಿನ ಮುಖಂಡರು ಕೂಡಿ ‘ಬುಲ್’ ಎಂಬ ನಿಷೇಧವನ್ನು ಹಾಕುವ ಸಂಪ್ರದಾಯ ಅಲ್ಲಿ ಹಿಂದಿನಿಂದಲೂ ಇದೆ. ಆದರೆ ಬುಲ್ ಹಾಕಿದಾಗ ಉಳಿದ ಮೀನು ಮುಂದೊಂದು ದಿನ ಊರಿನವರ ತಟ್ಟೆಗೇ ಬರುತ್ತಿತ್ತು. 2020ರ ಜನವರಿಯಿಂದ ಆ ದೇಶವು ತನ್ನ ಆರ್ಥಿಕ ವಲಯದ ಕಡಲಿನಲ್ಲಿ ಶೇಕಡಾ 80ರಷ್ಟನ್ನು, ಅಂದರೆ ಸುಮಾರು ಐದು ಲಕ್ಷ ಚದರ ಕಿಲೋಮೀಟರುಗಳನ್ನು, ಮೀನುಗಾರಿಕೆಗೆ ಮುಚ್ಚಿತು. ಇದನ್ನು ಜಗತ್ತೆಲ್ಲ ಕೊಂಡಾಡಿತು. ಆದರೆ ಇಷ್ಟು ಮುಚ್ಚಿದ್ದು ಹೆಚ್ಚಾಯಿತು, ಸ್ವಲ್ಪ ತೆರೆಯಬೇಕು ಎಂಬ ಮಾತು ಅನಂತರ ಬಂದ ಸರಕಾರದಿಂದಲೇ ಹೊರಟಿದೆ ಎಂಬುದನ್ನು ಮರೆಯಬಾರದು. ಪ್ರವಾಸಿಯಿಂದ ವಸೂಲಾದ ಶುಲ್ಕದಲ್ಲಿ ಒಂದು ಪಾಲು ಸಂರಕ್ಷಿತ ಪ್ರದೇಶಗಳ ನಿಧಿಗೂ, ಒಂದು ಪಾಲು ರಾಜ್ಯಗಳಿಗೂ, ಮತ್ತೊಂದು ವಿಮಾನ ನಿಲ್ದಾಣಕ್ಕೂ, ಉಳಿದದ್ದು ಬೊಕ್ಕಸಕ್ಕೂ ಹಂಚಿಹೋಗುತ್ತದೆ. ಪಾಲು ಮಾಡುವ ಕ್ರಮವನ್ನು ಶಾಸನದಲ್ಲಿಯೇ ಬರೆದಿದ್ದಾರೆ ಎಂಬುದು ಮೆಚ್ಚತಕ್ಕ ಅಂಶ.

ಹೀಗಿರುವಲ್ಲಿ ನಾನು ಸುಂಕವನ್ನೇ ವಿರೋಧಿಸುವವಳಲ್ಲ. ನನ್ನ ತಕರಾರು ಇರುವುದು ‘ಹೆಚ್ಚು ಬೆಲೆಯ ಪ್ರವಾಸಿ’ ಎಂಬ ಮಾತಿನ ಮೇಲೆ. ಪ್ರವಾಸೋದ್ಯಮದವರು ಈ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆಂದರೆ ಮನುಷ್ಯರನ್ನು ತಕ್ಕಡಿಯಲ್ಲಿ ಇಟ್ಟಿದ್ದಾರೆಂಬುದು ಆಡಿದವರಿಗೂ ಕೇಳಿದವರಿಗೂ ಹೊಳೆಯುವುದಿಲ್ಲ. ಹೆಚ್ಚು ವೆಚ್ಚ ಮಾಡುವವನು ಹೆಚ್ಚು ಬೆಲೆಯವನು, ಸರಿ. ಅವನು ಹವಳವನ್ನು ಕಡಿಮೆ ತುಳಿಯುತ್ತಾನೆಂದು ಯಾರು ಹೇಳಿದರು? ದೊಡ್ಡ ಹೊಟೇಲಿನ ಅತಿಥಿ ದಿನಕ್ಕೆ ಬಳಸುವ ಸಿಹಿನೀರೆಷ್ಟು, ಅವನ ಕೊಠಡಿಯ ತಂಪು ಯಂತ್ರಕ್ಕೆ ಸುಡುವ ಡೀಸೆಲ್ ಎಷ್ಟು? ಚಿಕ್ಕ ವಸತಿಗೃಹದಲ್ಲಿ ಉಳಿದು, ಸ್ಥಳೀಯರ ಅಂಗಡಿಯಲ್ಲಿ ಅನ್ನ ಮೀನು ಉಂಡು, ಎರಡು ದಿನ ಮುಳುಗಿ ನೋಡಿ ಹೋಗುವ ತರುಣನೊಬ್ಬನು ಕಡಲಿಗೆ ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತಾನೆಂದು ನಂಬುವುದು ಕಷ್ಟ.

ಎಲ್ಲರಿಗೂ ಒಂದೇ ಸಮನಾದ ಸುಂಕದ ಗುಣವೂ ಇಲ್ಲಿಯೇ ಕಾಣುತ್ತದೆ. ಪ್ರವಾಸಕ್ಕೆಂದು 5,000 ಡಾಲರು ತೆಗೆದಿಟ್ಟವನಿಗೆ 200 ಡಾಲರು ನೂರಕ್ಕೆ ನಾಲ್ಕು. ವರ್ಷವೆಲ್ಲ ದುಡಿದು 1,000 ಡಾಲರು ಕೂಡಿಸಿದವನಿಗೆ ನೂರಕ್ಕೆ ಇಪ್ಪತ್ತು. ಮೊದಲನೆಯವನು ಅದನ್ನು ಗಮನಿಸುವುದೂ ಇಲ್ಲ. ಎರಡನೆಯವನು ಒಂದು ದಿನದ ಡೈವಿಂಗನ್ನು ಬಿಟ್ಟುಬಿಡುತ್ತಾನೆ, ಇಲ್ಲವೆ ಬರುವುದನ್ನೇ ಬಿಡುತ್ತಾನೆ. ನಿಜ, ಪೆಸಿಫಿಕ್ಕಿನ ನಡುವೆ ಇರುವ ದೇಶಕ್ಕೆ ಹೋಗುವ ವಿಮಾನದ ಟಿಕೀಟೇ ಬಡವನನ್ನು ಮೊದಲು ತಡೆಯುತ್ತದೆ. ಸುಂಕವು ಎರಡನೆಯ ಗೋಡೆ ಮಾತ್ರ. ಆದರೆ ಮೊದಲನೆಯ ಗೋಡೆಯನ್ನು ದೂರವು ಕಟ್ಟಿತು; ಎರಡನೆಯದನ್ನು ಮನುಷ್ಯರು ಬೇಕೆಂದೇ ಕಟ್ಟಿದರು.

ಅದೂ ಹೋಗಲಿ, ಈ ದುಬಾರಿ ಬೆಲೆ ಜನಸಂದಣಿಯನ್ನು ಇಳಿಸಿತೆ? ಅಷ್ಟು ಧೈರ್ಯವಾಗಿ ಹೇಳಲಾಗದು. ಶುಲ್ಕ ಜಾರಿಗೆ ಬರುವ ಮೊದಲೇ, 2017ರ ಕೊನೆಯಲ್ಲಿ, ಚೀನಾ ಸರಕಾರವು ಪಲಾವಿಗೆ ತಂಡಪ್ರವಾಸಗಳನ್ನು ನಿಲ್ಲಿಸಿಬಿಟ್ಟಿತು. ಪಲಾವ್ ತೈವಾನಿನೊಡನೆ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿರುವುದೇ ಕಾರಣ. ಹೊಟೇಲುಗಳು ಬರಿದಾದುವು. ಮುಂದೆ 2020ರಲ್ಲಿ ಕೊರೋನಾ ಬಂದಾಗ ವಿಮಾನಗಳೇ ನಿಂತುವು. ಜನರನ್ನು ಕಡಿಮೆ ಮಾಡಿದ್ದು ಬೆಲೆಗಿಂತ ಹೆಚ್ಚಾಗಿ ರಾಜಕೀಯ ಮತ್ತು ರೋಗ. ಬೆಲೆಯಿಂದ ಕೊಳ್ಳಲಾಗದ ಇನ್ನೊಂದು ವಸ್ತುವೂ ಉಂಟು. ಆ ಜೆಲ್ಲಿಫಿಶ್ ಸರೋವರದಲ್ಲಿ ಹೊಂಬಣ್ಣದ ಲೋಳೆಮೀನುಗಳು ಲಕ್ಷಗಟ್ಟಲೆ ಇದ್ದು, ಸೂರ್ಯನು ಚಲಿಸಿದಂತೆಲ್ಲ ಕೆರೆಯ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗುತ್ತವೆ. ಕೆರೆಯ ತಳದಲ್ಲಿ ವಿಷವಾಯು ಕರಗಿದ ನೀರಿನ ಪದರವಿರುವುದರಿಂದ ಅಲ್ಲಿ ಸಿಲಿಂಡರು ಕಟ್ಟಿಕೊಂಡು ಮುಳುಗುವಂತಿಲ್ಲ. ಮೇಲೆ ತೇಲುತ್ತ ನೋಡಬೇಕು. 2016ರಲ್ಲಿ ಎಲ್ ನಿನೋದ ಬರಗಾಲ ಬಂದು ಕೆರೆಯ ನೀರು ಕೆಟ್ಟಾಗ ಆ ಲೋಳೆಮೀನುಗಳು ಹೆಚ್ಚುಕಡಿಮೆ ಮಾಯವೇ ಆದುವು. ಹಣವುಳ್ಳವನಿಗೂ ಹಣವಿಲ್ಲದವನಿಗೂ ಅಂದು ಒಂದೇ ಖಾಲಿ ಕೆರೆ. ಕೆಲವು ವರ್ಷಗಳ ಮೇಲೆ ಅವು ತಾವಾಗಿಯೇ ಚೇತರಿಸಿಕೊಂಡುವು.

ಬೇರೆ ದಾರಿಗಳಿಲ್ಲವೆ? ಇವೆ, ಯಾವುದೂ ಪೂರ್ತಿ ನಿರ್ದುಷ್ಟವಲ್ಲ. ಮಲೇಷಿಯದ ಸಿಪಾದಾನ್ ದ್ವೀಪದಿಂದ 2004ರಲ್ಲಿ ಹೊಟೇಲುಗಳನ್ನೆಲ್ಲ ತೆರವು ಮಾಡಿಸಿ, ಬಳಿಕ ದಿನಕ್ಕೆ 120 ಜನರಿಗೆ ಮಾತ್ರ ರಹದಾರಿ ಎಂದು ಕಟ್ಟು ಹಾಕಿದರು. ಇಲ್ಲಿ ಕಿಸೆಯನ್ನು ನೋಡದೆ ತಲೆಯನ್ನು ಎಣಿಸಿದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ರಹದಾರಿಗಳನ್ನು ಪಕ್ಕದ ದ್ವೀಪಗಳ ಹೊಟೇಲುಗಳ ಮೂಲಕ ಹಂಚಿದ್ದರಿಂದ, ಹಲವು ರಾತ್ರಿ ಉಳಿಯುವವರಿಗೇ ಅವು ಸಿಗುವಂತಾಯಿತು. ಮುಂಬಾಗಿಲಿನಿಂದ ಹೊರಟ ಹಣ ಹಿತ್ತಿಲಿನಿಂದ ಒಳಗೆ ಬಂತು. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದವರು 1992ರಲ್ಲಿ ಮುಳುಗುವವರ ಮೇಲೆ ವರ್ಷಕ್ಕೆ ಕೇವಲ 10 ಡಾಲರು ಹಾಕಿ ಅದರಿಂದಲೇ ತಮ್ಮ ಕಡಲ ಉದ್ಯಾನವನ್ನು ನಡೆಸಿಕೊಂಡು ಬಂದರು; ಆ ಮೊತ್ತ ಅನಂತರ ಏರಿದೆ. ಮಾಲ್ದೀವಿನಲ್ಲಿ ಹಸಿರು ತೆರಿಗೆ ರಾತ್ರಿಯ ಲೆಕ್ಕ: 2025ರ ಜನವರಿಯಿಂದ ದೊಡ್ಡ ರಿಸಾರ್ಟುಗಳಲ್ಲಿ ತಲೆಗೆ 12 ಡಾಲರು, ಊರಿನವರು ನಡೆಸುವ ಚಿಕ್ಕ ವಸತಿಗೃಹಗಳಲ್ಲಿ 6. ಗಲಾಪಗೋಸ್ ದ್ವೀಪಗಳಲ್ಲಿ 2024ರ ಆಗಸ್ಟಿನಿಂದ ಹೊರದೇಶದವರಿಗೆ ಪ್ರವೇಶಧನ 200 ಡಾಲರು. ಸ್ವಂತ ದೇಶವಾದ ಎಕ್ವಡಾರಿನ ಪ್ರಜೆಗೆ 30. ಇವುಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಈ ಕೊನೆಯ ಎರಡು. ಹೆಚ್ಚು ಬಳಸುವವನು ಹೆಚ್ಚು ತೆರಲಿ, ಮನೆಯವನು ಕಡಿಮೆ ತೆರಲಿ ಎಂಬ ಮಾತು ಯಾವ ಹಳ್ಳಿಯ ಪಂಚಾಯಿತಿಗೂ ಒಪ್ಪಿಗೆಯಾಗುತ್ತದೆ.

ದೂರದ ದ್ವೀಪಗಳ ಚಿಂತೆ ನಮಗೇಕೆ ಎಂದು ಕೇಳುವ ಮಿತ್ರರಿಗೆ ಲಕ್ಷದ್ವೀಪವನ್ನು ನೆನಪಿಸುತ್ತೇನೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುವು. ಮಂಗಳೂರಿನ ಕಲೆಕ್ಟರರೇ ಅವುಗಳ ಆಡಳಿತಾಧಿಕಾರಿ. ಅದಕ್ಕೂ ಹಿಂದೆ, 1783ರಲ್ಲಿ, ಅಮಿನಿಯ ಜನ ಕಣ್ಣಾನೂರಿನ ಆಳ್ವಿಕೆಗೆ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟಿದ್ದರಂತೆ. ಮಂಗಳೂರಿನ ಹಳೆಯ ಬಂದರಿನಿಂದ ಅಕ್ಕಿ ಸಾಮಾನು ಹೇರಿಕೊಂಡು ಆ ದ್ವೀಪಗಳಿಗೆ ಹೊರಡುವ ಮಂಜಿಗಳನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಇಡೀ ಲಕ್ಷದ್ವೀಪದ ನೆಲ 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನ 64 ಸಾವಿರ ಚಿಲ್ಲರೆ. ಅಲ್ಲಿಗೆ ಹೋಗಲು ಭಾರತೀಯರಿಗೂ ಪರವಾನಗಿ ಬೇಕು. ಅಲ್ಲಿಯ ಹವಳ 1998, 2010, 2016ರಲ್ಲಿ ಕಡಲು ಬಿಸಿಯಾಗಿ ಬಿಳಿಚಿಕೊಂಡಿತು. 2024ರಲ್ಲಿ ಮತ್ತೆ ಬಿಳಿಚಿತು. ಇಂಥಲ್ಲಿ ಜನರನ್ನು ಮಿತಿಯಲ್ಲಿಡುವುದು ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮುಳುಗುವವರಿಗೆ ಹೆಸರಾದ ಅದೇ ಕದ್ಮತ್ತಿನಲ್ಲಿಯೂ, ಸುಹೇಲಿಯಲ್ಲಿಯೂ ಭಾರಿ ಹೊಟೇಲುಗಳು ಬರುವುವೆಂದು 2023ರಲ್ಲಿ ಪ್ರಕಟವಾಯಿತು. ಮಿತಿಯನ್ನು ಇಡುವವರು ಸಂಖ್ಯೆಯಿಂದ ಇಡುತ್ತಾರೋ, ಕೊಠಡಿಯ ಬಾಡಿಗೆಯಿಂದ ಇಡುತ್ತಾರೋ ಎಂಬುದು ಈಗಲೇ ಕೇಳಬೇಕಾದ ಪ್ರಶ್ನೆ. ಬಾಡಿಗೆಯಿಂದ ಇಟ್ಟರೆ, ಒಂದು ಕಾಲಕ್ಕೆ ನಮ್ಮದೇ ಜಿಲ್ಲೆಯಾಗಿದ್ದ ಆ ದ್ವೀಪವನ್ನು ನಮ್ಮ ಕಾಲೇಜಿನ ಭೂಗೋಳದ ವಿದ್ಯಾರ್ಥಿಗಳು ನಕಾಶೆಯಲ್ಲಿ ಮಾತ್ರ ನೋಡಬೇಕಾದೀತು.

ಇನ್ನೂ ಹತ್ತಿರಕ್ಕೆ ಬಂದರೆ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ಇದೆ. ಕರ್ನಾಟಕದಲ್ಲಿ ಹವಳ ನೋಡಲು ಜನ ಮುಳುಗುವ ಜಾಗವೆಂದರೆ ಮುಖ್ಯವಾಗಿ ಅದೇ. ಪಲಾವಿಗೆ ಹೋಲಿಸಿದರೆ ಇಲ್ಲಿಯ ಬೆಲೆ ಏನೂ ಅಲ್ಲ. ಆದರೂ ದಿನಗೂಲಿಯವನ ಒಂದು ವಾರದ ಸಂಪಾದನೆಯಂತೂ ಹೌದು. ಬೆಂಗಳೂರಿನಿಂದ ಬಂದವರು ಬೆಳಿಗ್ಗೆ ದೋಣಿ ಹತ್ತಿ ಮಧ್ಯಾಹ್ನಕ್ಕೆ ಮರಳುತ್ತಾರೆ. ಅವರ ಸಿಲಿಂಡರುಗಳನ್ನು ದೋಣಿಗೆ ಹೊತ್ತು ಹಾಕುವವರು ನಮ್ಮ ಕಡೆಯ ಹುಡುಗರು. ಅವರಲ್ಲಿ ಒಬ್ಬಿಬ್ಬರು ಬಿಟ್ಟರೆ ನೇತ್ರಾಣಿಯ ಕಡಲ ತಳವನ್ನು ಕಣ್ಣಾರೆ ಕಂಡವರನ್ನು ನಾನು ಬಲ್ಲೆನಿಲ್ಲ. ಮೀನುಗಾರರ ಮಕ್ಕಳು ಮೀನನ್ನು ಬುಟ್ಟಿಯಲ್ಲಿ ನೋಡಿಯೇ ದೊಡ್ಡವರಾಗುತ್ತಾರೆ. ಅದು ಬದುಕಿರುವಾಗ ಯಾವ ಬಣ್ಣದಲ್ಲಿರುತ್ತದೆಂದು ತಿಳಿದವರು ಪೇಟೆಯಿಂದ ಬಂದವರು.

ನಾಳೆ ನೇತ್ರಾಣಿಗೂ ದೊಡ್ಡ ಸುಂಕ ಬರಬಹುದು. ಬರುವುದು ತಪ್ಪೆಂದೂ ನಾನು ಹೇಳುವುದಿಲ್ಲ. ಬಂದರೆ ಮೂರು ಮಾತುಗಳನ್ನು ಅದರ ಜೊತೆಯಲ್ಲಿಯೇ ಬರೆದಿಡಬೇಕು. ದಿನಕ್ಕೆ ಇಷ್ಟೇ ದೋಣಿ, ಇಷ್ಟೇ ಜನ ಎಂಬ ಮಿತಿ ಮೊದಲು ಬರಲಿ, ಬೆಲೆ ಆಮೇಲೆ ಬರಲಿ. ವಸೂಲಾದ ಹಣದಲ್ಲಿ ಭಟ್ಕಳ, ಮುರ್ಡೇಶ್ವರ, ಹೊನ್ನಾವರದ ಕಡೆಯ ಮೀನುಗಾರರ ಸಹಕಾರ ಸಂಘಗಳಿಗೆ ಎಷ್ಟು ಹೋಗುತ್ತದೆಂಬುದನ್ನು ಪಲಾವಿನವರಂತೆ ಕಾನೂನಿನಲ್ಲಿಯೇ ಕಾಣಿಸಲಿ. ಮೂರನೆಯದಾಗಿ, ಸೀಟುಗಳಲ್ಲಿ ಹತ್ತಕ್ಕೆ ಒಂದನ್ನಾದರೂ ಈ ತಾಲ್ಲೂಕುಗಳ ಸರಕಾರಿ ಶಾಲೆ ಕಾಲೇಜುಗಳ ಮಕ್ಕಳಿಗೆ ಶುಲ್ಕವಿಲ್ಲದೆ ಮೀಸಲಿಡಲಿ; ಈಜು ಬಾರದವರಿಗೆ ಈಜು ಕಲಿಸುವ ಖರ್ಚನ್ನೂ ಅದೇ ನಿಧಿಯಿಂದ ತೆಗೆಯಲಿ. ನಮ್ಮ ತರಗತಿಯ ನಲವತ್ತೆರಡು ವಿದ್ಯಾರ್ಥಿನಿಯರಲ್ಲಿ ಈಜು ಬಲ್ಲವರು ಮೂವರು. ಕಡಲಿನಿಂದ ನಮ್ಮ ಕಾಲೇಜಿಗೆ ಇರುವ ದೂರ ಎರಡು ಕಿಲೋಮೀಟರು.